ಆ ಗಂಟಿನ ಮೇಲಿನಿಂದ ಕೈ ತೆಗೆಯಿರಿ

ಪ್ರಶ್ನೆ: ನಾನು ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿ. ದುಗ್ಧಗ್ರಂಥಿಗಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಆದ ಲಿಂಫೋಮಾದ ಪಾಠವಾದ ವಾರವೇ ದವಡೆಯ ಕೆಳಗೆ ಕಡಲೆಬೇಳೆಯಷ್ಟು ಗಂಟು ಕೈಗೆ ಸಿಕ್ಕಿತು. ಎರಡು ತಿಂಗಳಲ್ಲಿ ಮೂರು ಲ್ಯಾಬ್‌ಗಳಲ್ಲಿ ರಕ್ತಪರೀಕ್ಷೆ ಮಾಡಿಸಿದೆ, ಎಲ್ಲವೂ ಸರಿಯಿದೆ. ಆದರೂ ನಿದ್ದೆಯಿಲ್ಲ. ಗೆಳತಿಯರು ನಗುತ್ತಾರೆ. ಸಾಲ ಮಾಡಿ ಓದಿಸುತ್ತಿರುವ ಅಮ್ಮನಿಗೆ ಹೇಳಲೇ?

ಉತ್ತರ: ಗೆಳತಿಯರು ನಗಲಿ ಬಿಡಿ. ಅವರಲ್ಲಿ ಒಬ್ಬಿಬ್ಬರಾದರೂ ಹೃದ್ರೋಗದ ಪಾಠವಾದ ರಾತ್ರಿ ಗುಟ್ಟಾಗಿ ನಾಡಿ ಹಿಡಿದುಕೊಂಡು ಕುಳಿತಿರುತ್ತಾರೆ. ಇದು ಹಳೆಯ ಕಥೆ. ಓದುತ್ತಿರುವ ಕಾಯಿಲೆಯೇ ತಮಗೆ ಬಂದಿದೆ ಎಂದು ವಿದ್ಯಾರ್ಥಿಗಳು ಅಧ್ಯಾಪಕರ ಬಳಿ ಓಡುತ್ತಾರೆ ಎಂದು ಅಮೆರಿಕದ ನರರೋಗ ತಜ್ಞ ಜಾರ್ಜ್ ಲಿಂಕನ್ ವಾಲ್ಟನ್ 1908ರಲ್ಲೇ ಬರೆದಿದ್ದರು. ಅಪೆಂಡಿಕ್ಸ್ ಎಲ್ಲಿದೆ ಎಂದು ತಿಳಿದರೆ ಸಾಕು, ಅಲ್ಲಿನ ಸಣ್ಣ ಚಳುಕೂ ಅಪಾಯವಾಗಿ ಕಾಣುತ್ತದೆ ಎಂಬುದು ಅವರ ಮಾತಿನ ಸಾರ. ನೀವಂತೂ ಸೂಕ್ಷ್ಮದರ್ಶಕದಲ್ಲಿ ಲಿಂಫೋಮಾದ ಒಂದು ಬಗೆಯ ಗುರುತಾದ, ಗೂಬೆಗಣ್ಣಿನಂತೆ ಕಾಣುವ ರೀಡ್-ಸ್ಟರ್ನ್‌ಬರ್ಗ್ ಕೋಶವನ್ನು ನೋಡಿ ಬಂದವರು. ಗೂಬೆ ನೋಡಿದ ಮೇಲೆ ಅಪಶಕುನ ಹುಡುಕದೆ ಇರುತ್ತೀರಾ?

ಆದರೆ ಒಂದು ವಿಷಯ ನನಗೆ ಕುತೂಹಲ ತಂದಿತು. ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಲಿಂಫೋಮಾ ಇಲ್ಲ ಎನ್ನಲಾಗದು ಎಂದು ನಿಮಗೆ ಪಾಠದಲ್ಲೇ ಹೇಳಿರುತ್ತಾರೆ. ಎಂದರೆ, ಯಾವ ಪರೀಕ್ಷೆ ನಿಮ್ಮ ಸಂಶಯವನ್ನು ತೀರಿಸಲಾರದೋ ಅದನ್ನೇ ಮೂರು ಸಲ ಮಾಡಿಸಿದ್ದೀರಿ. ವೈದ್ಯರ ಮುಂದೆ ಕೂರುವುದನ್ನು ಮಾತ್ರ ತಪ್ಪಿಸಿಕೊಂಡಿದ್ದೀರಿ.

ಈ ವಾರವೇ ನಿಮ್ಮ ಆಸ್ಪತ್ರೆಯ ಮೆಡಿಸಿನ್ ಹೊರರೋಗಿ ವಿಭಾಗಕ್ಕೆ ಹೋಗಿ, ರೋಗಿಯಾಗಿ ಚೀಟಿ ಮಾಡಿಸಿ. ಕಾರಿಡಾರಿನಲ್ಲಿ ಸೀನಿಯರ್‌ಗೆ ಕುತ್ತಿಗೆ ತೋರಿಸಿ ಬರುವುದು ಲೆಕ್ಕಕ್ಕಿಲ್ಲ. ಆರೋಗ್ಯವಂತರ ದವಡೆಯ ಕೆಳಗೂ ಸಣ್ಣ ದುಗ್ಧಗ್ರಂಥಿಗಳು ಕೈಗೆ ಸಿಗುವುದುಂಟು. ಹಲ್ಲಿನ ಅಥವಾ ಗಂಟಲಿನ ಸೋಂಕಿಗೂ ಅವು ಊದಿಕೊಳ್ಳುತ್ತವೆ. ನಿಮ್ಮದು ಯಾವುದು ಎಂದು ಮುಟ್ಟಿ ನೋಡಿದವರು ಹೇಳಬೇಕು, ಅಂಕಣ ಬರೆಯುವ ನಾನಲ್ಲ. ಅಪಾಯದ ಲಕ್ಷಣಗಳ ಪಟ್ಟಿಯನ್ನೂ ಇಲ್ಲಿ ಕೊಡುವುದಿಲ್ಲ. ಕೊಟ್ಟರೆ ಇಂದು ರಾತ್ರಿ ಅದನ್ನು ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತೀರಿ.

ಅವರು ನೋಡಿ ಏನೂ ಇಲ್ಲ ಎಂದರೆ, ನಾಲ್ಕನೆಯ ಲ್ಯಾಬ್ ಬೇಡ. ಗಂಟನ್ನು ಮುಟ್ಟುವುದೂ ಬೇಡ. ದಿನಕ್ಕೆ ಇಪ್ಪತ್ತು ಸಲ ಒತ್ತಿದರೆ ಯಾವ ಜಾಗವಾದರೂ ನೋಯುತ್ತದೆ, ಆ ನೋವು ಹೊಸ ಲಕ್ಷಣವಾಗುತ್ತದೆ. ಕೈ ಅತ್ತ ಹೋದಾಗ ಅರ್ಧ ಗಂಟೆ ಮುಂದೂಡಿ. ಮರುವಾರ ಒಂದು ಗಂಟೆ. ಮೊದಮೊದಲು ಚಡಪಡಿಕೆ ಹೆಚ್ಚುತ್ತದೆ, ತಡೆದುಕೊಳ್ಳಿ. ಇಷ್ಟಾದರೂ ನಿದ್ದೆ ಬರದಿದ್ದರೆ ಮನೋವೈದ್ಯರನ್ನು ಕಾಣಿ. ಕಾಲೇಜಿನಲ್ಲಿ ಸುದ್ದಿಯಾಗುತ್ತದೆ ಎಂಬ ಅಳುಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಅಮ್ಮ. ಹೇಳಿ. ಆದರೆ ಲಿಂಫೋಮಾದಿಂದ ಶುರು ಮಾಡಬೇಡಿ. ಎರಡು ತಿಂಗಳಿಂದ ಹೆದರಿಕೆ, ಒಬ್ಬಳಿಗೇ ಮಲಗಲು ಆಗುತ್ತಿಲ್ಲ ಎಂದಷ್ಟೇ ಹೇಳಿ. ಸಾಲದ ಮಾತು ಅವರಾಗಿ ಎತ್ತಲಾರರು. ಬಹುಶಃ ಮುಂದಿನ ಬಸ್ಸು ಹಿಡಿದು ಬರುತ್ತಾರೆ.