ಕಟ್ಟಿದವರು ಯಾರು, ಕಟ್ಟಿಸಿದವರು ಯಾರು?

ಪ್ರಿಯರೇ,

ನೀವು ವರ್ಜೀನಿಯಾದಿಂದ ಕಳಿಸಿದ ‘ಪೊಟೋಮ್ಯಾಕ್ ದಡದ ಕಲ್ಲಿನ ಮನೆ’ ಲೇಖನ ತಲುಪಿತು. ಎರಡು ಸಲ ಓದಿದೆ. ಅಲೆಕ್ಸಾಂಡ್ರಿಯಾ ಊರಿನ ಕಾರ್ಲೈಲ್ ಹೌಸ್ ಬಗ್ಗೆ, ಅದರ ಒಡೆಯ ಜಾನ್ ಕಾರ್ಲೈಲ್ ಮತ್ತು ಅವನ ಮನೆತನದ ಬಗ್ಗೆ ತುಂಬ ಶ್ರಮಪಟ್ಟು ಬರೆದಿದ್ದೀರಿ. ಭಾಷೆ ತಿಳಿಯಾಗಿದೆ, ಇಸವಿಗಳು ಸರಿಯಾಗಿವೆ. 1755ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆಯ ಜನರಲ್ ಬ್ರಾಡಕ್ ಆ ಮನೆಯಲ್ಲಿ ಐದು ವಸಾಹತುಗಳ ಗವರ್ನರ್‌ಗಳನ್ನು ಕೂರಿಸಿಕೊಂಡು ಫ್ರೆಂಚರ ಮೇಲಿನ ಯುದ್ಧಕ್ಕೆ ಹಣ ಕೇಳಿದ ಭಾಗ ಚೆನ್ನಾಗಿ ಬಂದಿದೆ. ಅಲ್ಲಿ ನಾನು ಒಂದಕ್ಷರವನ್ನೂ ಮುಟ್ಟುವುದಿಲ್ಲ.

ಆದರೆ ಲೇಖನವನ್ನು ಹೀಗೇ ಅಚ್ಚು ಮಾಡಲು ನನಗೆ ಮನಸ್ಸಿಲ್ಲ. ಓದುತ್ತಾ ಓದುತ್ತಾ ನನಗೆ ಸಿಟ್ಟೇ ಬಂತು. ಅದಕ್ಕೆ ಕಾರಣ ಎರಡು. ಬೇರೆ ಸಣ್ಣಪುಟ್ಟ ತಪ್ಪುಗಳನ್ನು ನಮ್ಮ ಕರಡು ತಿದ್ದುವವರು ನೋಡಿಕೊಳ್ಳುತ್ತಾರೆ. ಈ ಎರಡನ್ನು ನೀವೇ ತಿದ್ದಬೇಕು.

ನಿಮ್ಮ ಮೊದಲ ಸಾಲು ಹೀಗಿದೆ: ‘1753ರಲ್ಲಿ ಜಾನ್ ಕಾರ್ಲೈಲ್ ಎಂಬ ಸ್ಕಾಟಿಷ್ ವರ್ತಕ ಈ ಭವ್ಯ ಮನೆಯನ್ನು ಕಟ್ಟಿದ.’

ಅವನು ಕಟ್ಟಲಿಲ್ಲ, ಕಟ್ಟಿಸಿದ. ಈ ಎರಡು ಮಾತಿನ ನಡುವೆ ಎಷ್ಟು ಜನರ ಬೆವರು ಇದೆ, ಯೋಚಿಸಿ. ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸ ಹೇಳಲು ಬೇರೆ ವಾಕ್ಯವೇ ಬೇಕಿಲ್ಲ, ಒಂದು ‘ಇಸು’ ಸಾಕು. ‘ಕೆರೆಯಂ ಕಟ್ಟಿಸು’ ಅಂತ ತಾಯಿ ಮಗನಿಗೆ ಹೇಳಿದ ಶಾಸನದ ಮಾತನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ತಾಯಿ ‘ಕಟ್ಟು’ ಅನ್ನಲಿಲ್ಲ. ಮಣ್ಣು ಹೊರುವವರು ಬೇರೆಯವರು ಅಂತ ಆಕೆಗೆ ಗೊತ್ತಿತ್ತು.

ಎರಡನೆಯ ಪ್ಯಾರಾ: ‘ದೊಡ್ಡ ದೊಡ್ಡ ಕಲ್ಲುಗಳನ್ನು ತರಲಾಯಿತು. ಗೋಡೆಗಳನ್ನು ಎಬ್ಬಿಸಲಾಯಿತು. ಎರಡು ವರ್ಷದಲ್ಲಿ ಮನೆಯನ್ನು ಪೂರ್ಣಗೊಳಿಸಲಾಯಿತು.’ ಮೂರು ಸಾಲಿಗೆ ಮೂರು ‘ಲಾಯಿತು’. ಈ ‘ಲಾಯಿತು’ ಸರ್ಕಾರಿ ಕಾಗದದಿಂದ ನಮ್ಮ ಬರವಣಿಗೆಗೆ ನುಗ್ಗಿದ್ದು. ಅಲ್ಲಿ ಅದಕ್ಕೊಂದು ಕೆಲಸವಿದೆ: ಯಾರು ಮಾಡಿದರು ಅನ್ನುವುದನ್ನು ಹೇಳದೆ ದಾಟಿಕೊಳ್ಳುವುದು. ನಿಮ್ಮ ಲೇಖನದಲ್ಲೂ ಅದು ಅದೇ ಕೆಲಸ ಮಾಡಿದೆ. ಹದಿನೆಂಟನೇ ಶತಮಾನದ ವರ್ಜೀನಿಯಾದಲ್ಲಿ ಇಂಥ ಮನೆ ಏಳಬೇಕು ಅಂದರೆ ಅದರ ಹಿಂದೆ ಗುಲಾಮರ ದುಡಿಮೆ ಇರುತ್ತಿತ್ತು. ಹಡಗಿನ ಖರ್ಚು ತೀರಿಸಲು ಕೆಲವು ವರ್ಷದ ಕರಾರಿಗೆ ಸಹಿ ಹಾಕಿ ಬಂದ ಬಡ ಕೂಲಿಗಳ ದುಡಿಮೆಯೂ ಇರುತ್ತಿತ್ತು. ಇವರೆಲ್ಲ ನಿಮ್ಮ ‘ಲಾಯಿತು’ ಒಳಗೆ ಮಾಯವಾಗಿದ್ದಾರೆ.

‘ಎರಡು ವರ್ಷದಲ್ಲಿ ಪೂರ್ಣ’ ಅಂತ ಸಲೀಸಾಗಿ ಬರೆದುಬಿಟ್ಟಿರಿ. ಆದರೆ ಲೇಖನಕ್ಕೆ ಲಗತ್ತಿಸಿದ ನಾಲ್ಕು ಪುಟದ ಟಿಪ್ಪಣಿಯಲ್ಲಿ ನೀವೇ ಬೇರೆ ಸಂಗತಿ ಬರೆದುಕೊಂಡಿದ್ದೀರಿ. 1752ರಲ್ಲಿ ಕಾರ್ಲೈಲ್ ತನ್ನ ಅಣ್ಣತಮ್ಮಂದಿರಲ್ಲೊಬ್ಬನಾದ ಜಾರ್ಜ್‌ಗೆ ಪತ್ರ ಬರೆದು ಗೋಳು ತೋಡಿಕೊಂಡಿದ್ದಾನೆ. ಜೋರು ಮಳೆಗೆ ಕಲ್ಲಿನ ಗೋಡೆ ಹಾಳಾಯಿತು, ಹೆಚ್ಚುಕಡಿಮೆ ಪೂರ್ತಿ ಎತ್ತರಕ್ಕೆ ಬಂದಿದ್ದ ಗೋಡೆಯ ಒಂದು ಭಾಗವನ್ನು ಕೆಡವಬೇಕಾಯಿತು ಅಂತ. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದು ಕಿಟಕಿ ಹತ್ತಿರ ಹೋಗಿ ನಿಂತೆ. ಎತ್ತಿದ ಕಲ್ಲನ್ನು ಮತ್ತೆ ಇಳಿಸಬೇಕು. ಒದ್ದೆ ಗಾರೆಯನ್ನು ಕೆರೆದು ತೆಗೆಯಬೇಕು. ಮತ್ತೆ ಅದೇ ಕಲ್ಲನ್ನು ಎತ್ತಬೇಕು. ಕಾರ್ಲೈಲ್‌ಗೆ ಹೋದದ್ದು ದುಡ್ಡು ಮತ್ತು ಸಮಯ. ಬೆನ್ನು ಹೋದದ್ದು ಯಾರದ್ದು? ಇಡೀ ಲೇಖನದ ಜೀವ ಈ ಮಳೆಯಲ್ಲಿದೆ. ಅದನ್ನು ಟಿಪ್ಪಣಿಯಲ್ಲಿ ಬಿಟ್ಟು ಲೇಖನಕ್ಕೆ ‘ಭವ್ಯ’ ಅನ್ನುವ ಪದ ತಂದಿದ್ದೀರಿ. ಭವ್ಯ ಬೇಡ. ಸುತ್ತ ಮರದ ಮನೆ, ಇಟ್ಟಿಗೆ ಮನೆ ಇದ್ದ ಹೊಸ ಊರಲ್ಲಿ ಇದು ಕಲ್ಲಿನ ಮನೆ ಅಂತ ಬರೆಯಿರಿ. ಸಾಕು, ಓದುಗರಿಗೆ ಅದರ ಠೀವಿ ತಾನಾಗೇ ಕಾಣುತ್ತದೆ.

ಮೂರನೆಯ ಪ್ಯಾರಾ: ‘ತಂಬಾಕನ್ನು ಬೆಳೆದು ಇಂಗ್ಲೆಂಡಿಗೆ ಕಳಿಸಲಾಗುತ್ತಿತ್ತು.’ ಮತ್ತೆ ಅದೇ. ಕಾರ್ಲೈಲ್ ಇಪ್ಪತ್ತರ ಆಸುಪಾಸಿನಲ್ಲಿ ವೈಟ್‌ಹೇವನ್ ಬಂದರಿನ ಒಬ್ಬ ಇಂಗ್ಲಿಷ್ ವರ್ತಕನ ಏಜೆಂಟ್ ಆಗಿ ಅಮೆರಿಕಕ್ಕೆ ಬಂದ ಹುಡುಗ. ತಂಬಾಕು ಕೊಳ್ಳುವುದು, ಹಡಗಿಗೆ ಹಾಕುವುದು, ಅಲ್ಲಿಂದ ಬಂದ ಬಟ್ಟೆ, ಸಲಕರಣೆ ಮಾರುವುದು ಅವನ ಕಸುಬು. 1749ರಲ್ಲಿ ಅಲೆಕ್ಸಾಂಡ್ರಿಯಾದ ನಿವೇಶನಗಳನ್ನು ಹರಾಜು ಹಾಕಿದಾಗ ನದಿಗೂ ಸಂತೆ ಚೌಕಕ್ಕೂ ನಡುವೆ ಅಕ್ಕಪಕ್ಕದ ಎರಡು ನಿವೇಶನ ಹಿಡಿದ. ಮನೆಯ ಒಂದು ಬದಿಗೆ ಹಡಗು, ಇನ್ನೊಂದು ಬದಿಗೆ ಗಿರಾಕಿ. ವ್ಯಾಪಾರಿಯ ಲೆಕ್ಕ ಅಂದರೆ ಇದು. ಇಲ್ಲಿವರೆಗೆ ನೀವು ಚೆನ್ನಾಗಿಯೇ ಹೇಳಿದ್ದೀರಿ. ಆದರೆ ಒಂದೊಂದು ತಂಬಾಕಿನ ಪೀಪಾಯಿ ಸುಮಾರು 450 ಕಿಲೋ ತೂಗುತ್ತಿತ್ತು. ಅದನ್ನು ಬಂದರಿಗೆ ಉರುಳಿಸಿಕೊಂಡು ಬಂದವರು ಇದ್ದರಲ್ಲ, ಅವರನ್ನು ಒಂದು ಸಾಲಿನಲ್ಲಾದರೂ ನಿಲ್ಲಿಸಬೇಡವೇ?

ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಈ ಸಾಲಿನಿಂದ: ‘ಮನೆಯಲ್ಲಿ ಕೆಲಸದವರೂ ಸಾಕಷ್ಟು ಇದ್ದರು.’

ಕೆಲಸದವರು ಅಂದ ಕೂಡಲೇ ನಮ್ಮ ಓದುಗರ ಕಣ್ಣ ಮುಂದೆ ಬರುವುದು ಬೆಳಿಗ್ಗೆ ಬಂದು ಪಾತ್ರೆ ತೊಳೆದು, ತಿಂಗಳಿಗೆ ಸಂಬಳ ತೆಗೆದುಕೊಳ್ಳುವವರು. ಸರಿಹೋಗಲಿಲ್ಲ ಅಂದರೆ ಬೇರೆ ಮನೆ ನೋಡಿಕೊಳ್ಳುವವರು. ಆ ಮನೆಯಲ್ಲಿದ್ದವರಿಗೆ ಆ ದಾರಿ ಇರಲಿಲ್ಲ. ಅವರು ಗುಲಾಮರು. 1780ರಲ್ಲಿ ಕಾರ್ಲೈಲ್ ಸತ್ತಾಗ ಅವನ ಆಸ್ತಿಯ ಪಟ್ಟಿ ಮಾಡಿದರು. ಮನೆಯ ಸಾಮಾನುಗಳ ಜೊತೆ ಮೋಸೆಸ್, ನ್ಯಾನಿ, ಜೆರ್ರಿ, ಕೇಟ್, ಪೆನ್ನಿ ಅನ್ನುವ ಹೆಸರುಗಳೂ ಅದರಲ್ಲಿವೆ. ಇದನ್ನೂ ನೀವು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೀರಿ! ಹಾಗಿದ್ದ ಮೇಲೆ ಲೇಖನದಲ್ಲಿ ‘ಕೆಲಸದವರು’ ಅಂತ ಯಾಕೆ ಮೆತ್ತಗೆ ಮಾಡಿದಿರಿ? ಕಾರ್ಲೈಲರ ವಂಶಕ್ಕೆ ಮೂರು ಪುಟ ಕೊಟ್ಟಿದ್ದೀರಿ. ಪೆನ್ನಿಗೆ ಉಳಿದಿರುವುದು ಒಂದೇ ಪದ, ಅವಳ ಹೆಸರು. ಅದನ್ನಾದರೂ ಅಚ್ಚಿನಲ್ಲಿ ಕೊಡೋಣ.

ಇಲ್ಲಿ ನನ್ನದೇ ಕಥೆ ಹೇಳಬೇಕು. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಮೊದಲ ವರ್ಷವೆಲ್ಲ ಕರಡು ತಿದ್ದುವುದೇ ಆಯಿತು. ಆಮೇಲೆ ಬಯಲುಸೀಮೆಯ ಒಂದು ಹಳ್ಳಿಯ ಹಳೆಯ ವಾಡೆಯ ಬಗ್ಗೆ ಬರೆಯಲು ಕಳಿಸಿದರು. ಯಜಮಾನರು ಊಟ ಹಾಕಿಸಿ, ವಂಶಾವಳಿಯ ಪುಸ್ತಕ ಕೈಗಿಟ್ಟರು. ನಾನು ಅದನ್ನೇ ನಕಲು ಮಾಡಿಕೊಂಡು ಬಂದು, ರಾತ್ರಿ ಕೂತು ಬರೆದು, ಬೆಳಿಗ್ಗೆ ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಕೆಂಪು ಪೆನ್ಸಿಲ್ ಹಿಡಿದು ಒಂದೊಂದೇ ‘ಲಾಯಿತು’ಗೆ ಸುತ್ತು ಹಾಕುತ್ತಾ ಹೋದರು. ಹದಿನಾಲ್ಕು ಇದ್ದವು. ಆಮೇಲೆ ತಲೆ ಎತ್ತಿ, ‘ಈ ಮನೆ ತಾನಾಗೇ ಕಟ್ಕೊಂಡಿತೇನಪ್ಪ?’ ಅಂದರು. ಅಷ್ಟೇ. ಬೈಯಲಿಲ್ಲ. ನನಗೆ ಕಿವಿ ಬಿಸಿಯಾಯಿತು.

ಮಾರನೇ ವಾರ ನನ್ನದೇ ದುಡ್ಡಿನಲ್ಲಿ ಬಸ್ಸು ಹತ್ತಿ ವಾಪಸ್ ಹೋದೆ. ಈ ಸಲ ವಾಡೆಗೆ ಹೋಗಲಿಲ್ಲ, ಊರಿನ ಇನ್ನೊಂದು ತುದಿಗೆ ಹೋದೆ. ಅಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಸಿಕ್ಕಳು. ಅವಳ ತಾಯಿ ವಾಡೆ ಕಟ್ಟುವಾಗ ಕೂಲಿಗೆ ಹೋಗಿದ್ದವಳು. ಎತ್ತು ಕಟ್ಟಿ ಗಾಣದಲ್ಲಿ ಸುಣ್ಣ ಅರೆಯುತ್ತಿದ್ದರಂತೆ. ‘ನಮ್ಮವ್ವ ಗಾರಿಗೆ ಬೆಲ್ಲದ ನೀರು ಹಾಕತಿದ್ಲು. ಸಂಜೀಕ ಮನಿಗೆ ಬಂದ್ರ ನಾವು ಹುಡುಗೂರು ಆಕಿ ಕೈ ನೆಕ್ಕತಿದ್ವಿ’ ಅಂದಳು. ಆ ಬೆಲ್ಲದ ಕೈ ಲೇಖನಕ್ಕೆ ಬಂತು. ಹದಿನಾಲ್ಕು ‘ಲಾಯಿತು’ ಹೋದವು. ಆ ಕೆಂಪು ಸುತ್ತಿನ ಹಾಳೆಗಳನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಇನ್ನು ಎರಡನೆಯ ಕಾರಣ, ನಿಮ್ಮ ವಂಶಾವಳಿ.

‘ವಿಲಿಯಂ ಕಾರ್ಲೈಲ್‌ನ ಮಗ ಜಾನ್. ಜಾನ್‌ನ ಮಕ್ಕಳು ವಿಲಿಯಂ, ಜಾರ್ಜ್ ವಿಲಿಯಂ. 1781ರಲ್ಲಿ ಜಾರ್ಜ್ ವಿಲಿಯಂ ಯುದ್ಧದಲ್ಲಿ ಮಡಿಯುವುದರೊಂದಿಗೆ ಈ ವಂಶ ಕೊನೆಗೊಂಡಿತು.’

ಯಾರು ಹೇಳಿದರು ಕೊನೆಗೊಂಡಿತು ಅಂತ? ಜಾನ್‌ನ ಮೊದಲ ಹೆಂಡತಿ ಸಾರಾ ಫೇರ್‌ಫ್ಯಾಕ್ಸ್ 1761ರಲ್ಲಿ ಹೆರಿಗೆಯಲ್ಲಿ ಸತ್ತಳು. ಅವಳ ಮಕ್ಕಳಲ್ಲಿ ಬದುಕಿ ಬೆಳೆದವರು ಇಬ್ಬರು ಹೆಣ್ಣುಮಕ್ಕಳು, ಸಾರಾ ಮತ್ತು ಆ್ಯನ್. ಸಾರಾ ಮದುವೆಯಾಗಿದ್ದು ವಿಲಿಯಂ ಹರ್ಬರ್ಟ್ ಅನ್ನುವ ವರ್ತಕನನ್ನು, ಆ್ಯನ್ ಮದುವೆಯಾಗಿದ್ದು ಹೆನ್ರಿ ವೈಟಿಂಗ್‌ನನ್ನು. ಜಾರ್ಜ್ ವಿಲಿಯಂ ಎರಡನೆಯ ಹೆಂಡತಿ ಸಿಬಿಲ್ ವೆಸ್ಟ್‌ಳ ಮಗ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಯೂಟಾ ಸ್ಪ್ರಿಂಗ್ಸ್ ಕದನದಲ್ಲಿ ಸತ್ತಾಗ ಇನ್ನೂ ಮೀಸೆ ಚಿಗುರುವ ವಯಸ್ಸು. ನಿಜ, ಅವನೊಂದಿಗೆ ಗಂಡುಸಂತಾನ ನಿಂತಿತು. ಆದರೆ ಮೊಮ್ಮಕ್ಕಳ ಹೆಸರು ನೋಡಿ: ಜಾನ್ ಕಾರ್ಲೈಲ್ ಹರ್ಬರ್ಟ್, ಕಾರ್ಲೈಲ್ ಫೇರ್‌ಫ್ಯಾಕ್ಸ್ ವೈಟಿಂಗ್. ಮನೆತನದ ಹೆಸರು ಕೊನೆಯಿಂದ ಎದ್ದು ಮುಂದಕ್ಕೆ ಬಂದು ಕೂತಿದೆ. ವೈಟಿಂಗ್ ಹುಡುಗನ ಹೆಸರಲ್ಲಂತೂ ಅಜ್ಜನ ಮನೆತನವೂ ಇದೆ, ಅಜ್ಜಿಯ ತವರೂ ಇದೆ. ಇದು ಹೆಣ್ಣುಮಕ್ಕಳು ಉಳಿಸಿದ ಹೆಸರು. ಇವರನ್ನು ಬಿಟ್ಟು ‘ಕೊನೆಗೊಂಡಿತು’ ಅಂತ ಬರೆಯುವುದು ಅನ್ಯಾಯ, ಅಲ್ವಾ?

ಇನ್ನೊಂದು. ನಿಮ್ಮ ಪಟ್ಟಿಯಲ್ಲಿ ವಿಲಿಯಂ, ಜಾರ್ಜ್ ಅನ್ನುವ ಹೆಸರುಗಳು ಎಷ್ಟು ಸಲ ಬರುತ್ತವೆ ಅಂದರೆ ಓದುಗರು ದಾರಿ ತಪ್ಪುತ್ತಾರೆ. ಜಾನ್‌ನ ಸೋದರ ಜಾರ್ಜ್. ಮೊದಲ ಹೆಂಡತಿಯ ಸೋದರ ಜಾರ್ಜ್ ವಿಲಿಯಂ ಫೇರ್‌ಫ್ಯಾಕ್ಸ್. ಮಗ ಜಾರ್ಜ್ ವಿಲಿಯಂ. ಜೊತೆಗೆ ಜಾರ್ಜ್ ವಾಷಿಂಗ್ಟನ್ ಬೇರೆ, ಅವನ ಮಲಅಣ್ಣ ಲಾರೆನ್ಸ್ ಮದುವೆಯಾಗಿದ್ದು ಜಾನ್‌ನ ಹೆಂಡತಿ ಸಾರಾಳ ಅಕ್ಕತಂಗಿಯರಲ್ಲಿ ಒಬ್ಬಳನ್ನು. ಇದನ್ನು ಬಿಡಿಸಲು ನಿಮ್ಮ ಕೈಯಲ್ಲೇ ಕೀಲಿ ಇದೆ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನ ಹೆಸರು ಇಡುವುದು ಸ್ಕಾಟ್‌ಲೆಂಡಿನ ಹಳೆಯ ರೂಢಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಓದುಗರಿಗೆ ಇದನ್ನು ವಿವರಿಸಲೇ ಬೇಕಿಲ್ಲ, ಹೇಳಿದರೆ ಸಾಕು. ಜಾನ್‌ನ ಅಪ್ಪ ವಿಲಿಯಂ, ಡಂಫ್ರೀಸ್‌ಶೈರ್‌ನ ವೈದ್ಯ. ಸಾರಾಳ ಅಪ್ಪನೂ ವಿಲಿಯಂ. ಮೊದಲ ಮಗ ಹುಟ್ಟಿದಾಗ ಇಬ್ಬರು ಅಜ್ಜಂದಿರಿಗೂ ಸಲ್ಲುವ ಹೆಸರು ಒಂದೇ ಆಯಿತು. ಆ ಮಗು ಹುಟ್ಟಿದ್ದು 1753ರ ಆಗಸ್ಟ್ 1ರ ರಾತ್ರಿ, ಸಂಸಾರ ಹೊಸ ಮನೆಗೆ ಬಂದ ದಿನವೇ. ಇದೂ ನಿಮ್ಮ ಟಿಪ್ಪಣಿಯಲ್ಲೇ ಮಲಗಿದೆ.

ಮತ್ತೆ ಬರೆಯಿರಿ. ಶುರುವಿಗೆ ನಾನಾದರೆ ಆ ಬೆಕ್ಕನ್ನು ತರುತ್ತೇನೆ. 1970ರ ದಶಕದಲ್ಲಿ ಮನೆ ರಿಪೇರಿ ಮಾಡುವಾಗ ಚಿಮಣಿಯ ಬುಡದಲ್ಲಿ ಸಿಕ್ಕಿದ ಬೆಕ್ಕಿನ ಅಸ್ಥಿ. ಗೋಡೆಯೊಳಗೆ ಬೆಕ್ಕು ಇಟ್ಟರೆ ಮನೆಗೆ ಒಳ್ಳೆಯದು ಅನ್ನುವ ನಂಬಿಕೆ ಬ್ರಿಟನ್ನಿನಲ್ಲಿ ಇತ್ತು. ಪಾಯಕ್ಕೆ ನವಧಾನ್ಯ ಹಾಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಪತ್ರಗಳೆಲ್ಲ ಕಾರ್ಲೈಲ್ ಬರೆದವು, ಪಟ್ಟಿ ಅವನ ಆಸ್ತಿಯದು. ಆ ಬೆಕ್ಕನ್ನು ಅಲ್ಲಿಟ್ಟು ಮೇಲೆ ಕಲ್ಲು ಕೂರಿಸಿದ್ದು ಮಾತ್ರ ಗಾರೆ ಮೆತ್ತಿದ ಕೈಗಳು.

ಒಂದು ಎಚ್ಚರಿಕೆ. 1780ರ ಪಟ್ಟಿಯ ಹೆಸರುಗಳನ್ನು ತಂದು 1752ರ ಮಳೆಯಲ್ಲಿ ನಿಲ್ಲಿಸಬೇಡಿ. ಇಪ್ಪತ್ತೆಂಟು ವರ್ಷದ ಅಂತರ ಇದೆ. ಮೋಸೆಸ್ ಗೋಡೆ ಕಟ್ಟಿದ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ. ಹೆಸರು ಪಟ್ಟಿಯ ಜಾಗದಲ್ಲೇ ಬರಲಿ, ಕೈಗಳು ಗೋಡೆಯ ಜಾಗದಲ್ಲಿ ಬರಲಿ.

ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗಾಗಿ ಆರು ಪುಟ ಕಾದಿಟ್ಟಿದ್ದೇನೆ. ಆ ಮನೆ ನಿಮ್ಮಿಂದ ಅರ್ಧ ಗಂಟೆಯ ದಾರಿ ಅಂತ ಬರೆದಿದ್ದೀರಿ. ಬರೆಯಲು ಕೂರುವ ಮುಂಚೆ ಇನ್ನೊಂದು ಸಲ ಹೋಗಿ ಬನ್ನಿ. ಮಳೆ ಬರುವ ದಿನವೇ ಹೋಗಿ. ಒಳಗೆ ಬೇಡ, ಹೊರಗೆ ಛತ್ರಿ ಹಿಡಿದು ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ.

ನಿಮ್ಮ,
ಸಂಪಾದಕ