ಜಂತಿನ ಮಾತ್ರೆ ಹಾಕಿದರೆ ಇಳಿದ ಹಾಲು ವಾಪಸ್ ಬರುತ್ತಾ?

ಕರು ಹಾಕಿ ಮೂರು ತಿಂಗಳಾದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸು, 12 ಲೀಟರ್ ಕೊಡುತ್ತಿದ್ದದ್ದು ಒಂದೇ ತಿಂಗಳಲ್ಲಿ 9ಕ್ಕೆ ಇಳಿದಿದೆ, ಜಂತಿನ ಮಾತ್ರೆ ಹಾಕಲಾ ಅಂತ ಕೇಳಿದ್ದೀರಿ. ಎರಡು ತಿಂಗಳು ದಾಟಿದ ಮೇಲೆ ಹಾಲು ತಾನಾಗೇ ಸ್ವಲ್ಪ ಇಳಿಯುತ್ತೆ, ಆದರೆ ಒಂದೇ ತಿಂಗಳಲ್ಲಿ 3 ಲೀಟರ್ ಇಳಿದಿದ್ದು ಅತಿಯಾಯ್ತು. ಹುಳು ಇದ್ದು ಇಳಿದಿದ್ದರೆ ಒಂದಷ್ಟು ವಾಪಸ್ ಬರುತ್ತೆ. ಕೆಚ್ಚಲು ಬಾವಿಂದಲೋ ಹಿಂಡಿ ಸಾಲದೆಯೋ ಇಳಿದಿದ್ದರೆ ಮಾತ್ರೆ ದುಡ್ಡು ದಂಡ. ಅದಕ್ಕೇ ಮೊದಲು ಸಗಣಿ ಪರೀಕ್ಷೆ ಮಾಡಿಸಿ.

ನಾನು ಮಾಡಿಸದೆ ಕೆಟ್ಟೆ. ನಮ್ಮದು ಮಂಡ್ಯ ಕಡೆ, ನಾಲೆ ಬಯಲು. ನಮ್ಮ ಹಸುವೂ ಹೀಗೇ ಇಳಿದಾಗ ಅಂಗಡಿಯಿಂದ ಫೆನ್‌ಬೆಂಡಜೋಲ್ ಅನ್ನೋ ಜಂತಿನ ಮಾತ್ರೆ ತಂದು, ಬೆಲ್ಲದಲ್ಲಿ ಉಂಡೆ ಕಟ್ಟಿ, ಎರಡು ತಿಂಗಳಲ್ಲಿ ಎರಡು ಸಲ ನುಂಗಿಸಿದೆ. ಹಾಲು ಏರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ದವಡೆ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳೋದು. ಡಬ್ಬಿಯಲ್ಲಿ ಸಗಣಿ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟ್ರು ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು: ಅರಿಶಿನ ಬಣ್ಣದ, ಮೊಟ್ಟೆಯಾಕಾರದ ಕಾಳುಗಳು. ಲಿವರಿನ ಚಪ್ಪಟೆ ಹುಳುವಿನ ಮೊಟ್ಟೆಯಂತೆ. ನಾನು ನುಂಗಿಸಿದ ಮಾತ್ರೆ ಹೊಟ್ಟೆ, ಕರುಳಿನ ದುಂಡು ಹುಳುಗಳದ್ದು, ಆ ಡೋಸು ಇದಕ್ಕೆ ನಾಟೋದೇ ಇಲ್ಲ. ಡಾಕ್ಟ್ರು ಚಪ್ಪಟೆ ಹುಳುವಿನ ಔಷಧ ಆಕ್ಸಿಕ್ಲೋಜನೈಡ್ ಕುಡಿಸಿದರು. ಮೂರು ವಾರದಲ್ಲಿ ಒಂದೂವರೆ ಲೀಟರ್ ಏರಿತು, ಮಿಕ್ಕಿದ್ದು ಮುಂದಿನ ಕರುವಿನ ತನಕ ಬರಲಿಲ್ಲ.

ಈ ಹುಳು ನೀರಿನ ಬಸವನಹುಳುವಿನ ಮೈಯಲ್ಲಿ ಬೆಳೆದು, ಆಚೆ ಬಂದು ನೀರಂಚಿನ ಹುಲ್ಲಿಗೆ ಅಂಟಿಕೊಂಡಿರುತ್ತೆ. ನಾಲೆ ದಡದ ಹುಲ್ಲನ್ನು ನಾನೇ ಹೊರೆಗಟ್ಟಲೆ ತಂದು ಹಾಕುತ್ತಿದ್ದೆ! ಈಗ ನೀರು ತಾಗುವ ಬುಡ ಬಿಟ್ಟು ಮೇಲಷ್ಟೇ ಕೊಯ್ಯುತ್ತೇನೆ.

ಪರೀಕ್ಷೆಯಲ್ಲಿ ದುಂಡು ಹುಳು ಬಂದರೆ ತೂಕ ಲೆಕ್ಕ ಹಾಕಿಸಿ. ಫೆನ್‌ಬೆಂಡಜೋಲ್ ಕೆಜಿಗೆ 5 ಮಿಲಿಗ್ರಾಂ, ಅಂದರೆ 1.5 ಗ್ರಾಂ ಮಾತ್ರೆ 300 ಕೆಜಿಗಷ್ಟೇ ಸಾಕು. ಎಚ್‌ಎಫ್ ಹಸು 400 ದಾಟಿರುತ್ತೆ. ಅರೆಬರೆ ಕೊಟ್ಟರೆ ಉಳಿದ ಹುಳು ಔಷಧಕ್ಕೆ ಬಗ್ಗದ ಹಾಗಾಗುತ್ತೆ. ಹುಳುವಿಗೇ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನು ಹಾಲಿಗೆ ಇಳಿಯುತ್ತೆ, ಕರೆಯುವ ಹಸುವಿಗೆ ಬೇಡ. ಯಾವ ಔಷಧಕ್ಕೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಅಂತಲೂ ಕೇಳಿಕೊಳ್ಳಿ.

ಮೂರು ತಿಂಗಳಾಯ್ತಲ್ಲ, ಸೆಮೆನ್ ಹಾಕಿಸಿದ್ದೀರಾ? ಹಾಕಿಸಿದ್ದರೆ ಡಾಕ್ಟ್ರಿಗೆ ಮೊದಲೇ ಹೇಳಿ. ಗಬ್ಬದ ಶುರುವಿನಲ್ಲಿ ಆಲ್‌ಬೆಂಡಜೋಲ್ ಅನ್ನೋ ಜಂತಿನ ಔಷಧ ಕೊಡೋ ಹಾಗಿಲ್ಲ.