ಚೆಂಡೆಯ ಸದ್ದು ಮೊದಲು, ಕೋಲು ಆಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಾತ್ರಿಯಿಡೀ ನಡೆದ ಬಯಲಾಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದೇವೆ. ಧ್ವನಿಯನ್ನು ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ತೆಗೆದುಕೊಂಡಿದ್ದೇವೆ. ಕಂಪ್ಯೂಟರಿನಲ್ಲಿ ಸೇರಿಸುವಾಗ ಆರಂಭದಲ್ಲಿ ಎರಡೂ ಸರಿ ಹೊಂದುತ್ತವೆ. ಬೆಳಗಿನ ಜಾವದ ಹೊತ್ತಿಗೆ ಚೆಂಡೆಗೆ ಕೋಲು ಬೀಳುವ ಸುಮಾರು ಒಂದೂವರೆ ಸೆಕೆಂಡ್ ಮೊದಲೇ ಸದ್ದು ಕೇಳುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ‘ಆರಂಭದಲ್ಲಿ ಸರಿ, ಆಮೇಲೆ ತಪ್ಪು’ ಎಂದು ಬರೆದಿದ್ದೀರಲ್ಲ, ಮುಖ್ಯವಾದ ಸುಳಿವು ಅದೇ. ಉದ್ದಕ್ಕೂ ಒಂದೇ ಅಂತರವಿದ್ದರೆ ಧ್ವನಿಯನ್ನು ಹಿಂದೆ ಮುಂದೆ ಸರಿಸಿದರೆ ಸಾಕಿತ್ತು. ಬೆಳೆಯುತ್ತ ಹೋಗುವ ಅಂತರಕ್ಕೆ ಆ ಮದ್ದು ನಾಟುವುದಿಲ್ಲ. ಮೊದಲು ಸರಿಯಿದ್ದದ್ದು ಕೆಡುತ್ತದೆ, ಅಷ್ಟೆ.

ಕಾರಣ ಎರಡಿರಬಹುದು. ಮೊದಲನೆಯದು ಮೊಬೈಲಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಅದು ಹಿಡಿಯುವ ಚಿತ್ರಗಳ (ಫ್ರೇಮುಗಳ) ಸಂಖ್ಯೆ. ರಂಗಸ್ಥಳದ ಬೆಳಕು ಸಾಲದಾದಾಗ ಎಷ್ಟೋ ಮೊಬೈಲುಗಳು ಸೆಕೆಂಡಿಗೆ 30 ಫ್ರೇಮ್ ಬದಲು 24ಕ್ಕೋ ಇನ್ನೂ ಕೆಳಕ್ಕೋ ತಾವಾಗಿಯೇ ಇಳಿಯುತ್ತವೆ. ಕೆಲವು ಎಡಿಟಿಂಗ್ ತಂತ್ರಾಂಶಗಳು ಈ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೈಲನ್ನು ಅದರ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದು ನೋಡಿ. ‘ಫ್ರೇಮ್ ರೇಟ್ ಮೋಡ್’ ಎದುರು ‘ವೇರಿಯಬಲ್’ ಎಂದಿದ್ದರೆ ಎಡಿಟಿಂಗಿಗೆ ಮುಂಚೆಯೇ ವಿಡಿಯೊ ಪರಿವರ್ತಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ಗೆ ಹಾಕಿ. ವಿಡಿಯೊ ಟ್ಯಾಬಿನಲ್ಲಿ ಫ್ರೇಮ್ ರೇಟ್ 30 ಎಂದು ಕೊಟ್ಟು ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, ಗುಣಮಟ್ಟವನ್ನು ಆರ್‌ಎಫ್ 18ರಿಂದ 20ರೊಳಗೆ ಇಡಿ. ಇಡೀ ರಾತ್ರಿಯ ಆಟಕ್ಕೆ ಇದು ಗಂಟೆಗಟ್ಟಲೆ ಹಿಡಿಯುತ್ತದೆ, ಮಳೆಗಾಲವಾದರೆ ಕರೆಂಟು ನಂಬಿ ಕೂರಬೇಡಿ.

ಎರಡನೆಯದು ಗಡಿಯಾರ. ಮೊಬೈಲಿಗೂ ರೆಕಾರ್ಡರಿಗೂ ಒಳಗೆ ಸಮಯ ಎಣಿಸುವ ತಮ್ಮ ತಮ್ಮದೇ ಸ್ಫಟಿಕವಿದೆ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಡೆಯುವುದಿಲ್ಲ. 10 ಲಕ್ಷಕ್ಕೆ 50ರಷ್ಟು ಅಂತರವಿದ್ದರೂ ಗಂಟೆಗೆ 0.18 ಸೆಕೆಂಡ್, 8 ಗಂಟೆಗೆ 1.44 ಸೆಕೆಂಡ್ ಆಗುತ್ತದೆ. ನೀವು ಹೇಳಿದ್ದು ಇದಕ್ಕೆ ಬಹಳ ಹತ್ತಿರವಿದೆ.

ಅಳೆಯಲು ಚೆಂಡೆಗಿಂತ ಒಳ್ಳೆಯ ಸಾಧನ ಬೇಡ. ಒಂಟಿ ಪೆಟ್ಟು ಧ್ವನಿಯ ಅಲೆಯಲ್ಲಿ ಸೂಜಿಯ ಹಾಗೆ ನಿಲ್ಲುತ್ತದೆ. ಆಟದ ಆರಂಭದಲ್ಲೊಂದು, ಕೊನೆಯಲ್ಲೊಂದು ಪೆಟ್ಟು ಆರಿಸಿ. ಮೊಬೈಲಿನದ್ದೇ ಧ್ವನಿಯಲ್ಲಿ ಅವೆರಡರ ನಡುವೆ ಎಷ್ಟು ಸೆಕೆಂಡ್, ರೆಕಾರ್ಡರಿನಲ್ಲಿ ಎಷ್ಟು ಎಂದು ಬರೆದುಕೊಳ್ಳಿ. ಉದಾಹರಣೆಗೆ ಮೊಬೈಲಿನಲ್ಲಿ 28,800.00, ರೆಕಾರ್ಡರಿನಲ್ಲಿ 28,798.56 ಎಂದಿಟ್ಟುಕೊಳ್ಳಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.99995. ಅಂದರೆ ಧ್ವನಿಯನ್ನು ಶೇ. 0.005ರಷ್ಟು ನಿಧಾನಗೊಳಿಸಬೇಕು. ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದ ‘ಚೇಂಜ್ ಸ್ಪೀಡ್’ನಲ್ಲಿ ಶೇಕಡಾ ಜಾಗಕ್ಕೆ –0.005 ಎಂದು ಹಾಕಿ. ‘ಚೇಂಜ್ ಟೆಂಪೋ’ ಬೇಡ. ಅದು ಶ್ರುತಿ ಬದಲಾಗದಂತೆ ಧ್ವನಿಯನ್ನು ಕತ್ತರಿಸಿ ಹೊಲಿಯುವ ಕ್ರಮ, ಚೆಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಭಾಗವತರ ಶ್ರುತಿಯಲ್ಲಿ ಆಗುವ ವ್ಯತ್ಯಾಸ ಯಾರ ಕಿವಿಗೂ ತಿಳಿಯದು.

ಈ ಲೆಕ್ಕ ಬೇಡವೆನಿಸಿದರೆ, ಕಾಲು ಗಂಟೆಗೊಮ್ಮೆ ಹಾಡೂ ಮಾತೂ ಇಲ್ಲದ ಜಾಗದಲ್ಲಿ ಧ್ವನಿಯನ್ನು ಕತ್ತರಿಸಿ, ಪ್ರತಿ ತುಂಡನ್ನೂ ಒಂದೊಂದು ಪೆಟ್ಟಿಗೆ ಹೊಂದಿಸಿ. ಆಗ ತಪ್ಪು 45 ಮಿಲಿಸೆಕೆಂಡ್ ದಾಟುವುದಿಲ್ಲ.

ಎಲ್ಲ ಮುಗಿದ ಮೇಲೆ ನಡುರಾತ್ರಿಯ ಭಾಗವನ್ನು ತಪ್ಪದೆ ನೋಡಿ. ಎರಡು ತುದಿ ಸರಿಯಿದ್ದು ನಡುವೆ ತಪ್ಪಿದ್ದರೆ ಅದು ಗಡಿಯಾರದ ದೋಷವಲ್ಲ. ಚಿತ್ರೀಕರಣ ಎಲ್ಲೋ ನಿಂತು ಮುಂದುವರಿದಿದೆ, ಇಲ್ಲವೇ ಫೈಲುಗಳನ್ನು ಜೋಡಿಸುವಾಗ ಫ್ರೇಮುಗಳು ಬಿಟ್ಟುಹೋಗಿವೆ. ಆ ಜಾಗ ಹುಡುಕಿ, ಅಲ್ಲಿಂದ ಮುಂದಿನದನ್ನು ಬೇರೆಯಾಗಿ ಹೊಂದಿಸಬೇಕು.

ಪ್ರಶ್ನೆ: ಶಾಲಾ ವಾರ್ಷಿಕೋತ್ಸವದ ವಿಡಿಯೊದಲ್ಲಿ ಮಕ್ಕಳ ತುಟಿಗಿಂತ ಧ್ವನಿ ಉದ್ದಕ್ಕೂ ತುಸು ಹಿಂದಿದೆ. ಕ್ಯಾಮೆರಾ ಒಂದೇ, ಧ್ವನಿಯೂ ಅದರದ್ದೇ.
– ಶಿಕ್ಷಕಿ, ಮಂಜೇಶ್ವರ

ಉತ್ತರ: ಕ್ಯಾಮೆರಾ ಮೈದಾನದ ಹಿಂಬದಿಯಲ್ಲಿತ್ತೇ? ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ವೇದಿಕೆಯ ಧ್ವನಿವರ್ಧಕದಿಂದ 30 ಮೀಟರ್ ದೂರದಲ್ಲಿದ್ದರೆ 87 ಮಿಲಿಸೆಕೆಂಡ್ ತಡ, ಅಂದರೆ 25 ಫ್ರೇಮಿನ ವಿಡಿಯೊದಲ್ಲಿ ಎರಡು ಫ್ರೇಮಿಗಿಂತ ಹೆಚ್ಚು. ಪ್ರಸಾರ ಕ್ಷೇತ್ರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಕೊಟ್ಟ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದೆ ಬಂದರೇ ನೋಡುವವರಿಗೆ ತಿಳಿಯುತ್ತದೆ, ಹಿಂದೆ ಬಿದ್ದರೆ 125ರವರೆಗೂ ತಿಳಿಯುವುದಿಲ್ಲ. ದೂರದ ಸದ್ದು ತಡವಾಗಿ ಬರುವುದು ನಮಗೆ ರೂಢಿಯಲ್ಲವೇ? ನಿಮಗೆ ಸ್ಪಷ್ಟವಾಗಿಯೇ ತಿಳಿಯುತ್ತಿದ್ದರೆ ಅಂತರ 125ಕ್ಕಿಂತ ಹೆಚ್ಚಿರಬಹುದು.

ವಿಎಲ್‌ಸಿಯಲ್ಲಿ ತೆರೆದು ‘ಜೆ’ ಕೀಲಿ ಒತ್ತಿ. ಒಂದೊಂದು ಒತ್ತಿಗೂ ಧ್ವನಿ 50 ಮಿಲಿಸೆಕೆಂಡ್ ಮುಂದೆ ಬರುತ್ತದೆ, ‘ಕೆ’ ಒತ್ತಿದರೆ ಹಿಂದೆ ಹೋಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡ, ಅದರದ್ದೇ ತಡ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ವಿಎಲ್‌ಸಿ ಫೈಲನ್ನು ಬದಲಿಸುವುದಿಲ್ಲ, ನಿಮಗೆ ತೋರಿಸುತ್ತದೆ ಅಷ್ಟೆ. ಸಿಕ್ಕ ಸಂಖ್ಯೆಯನ್ನು, ಚಿತ್ರ ಮತ್ತು ಧ್ವನಿಯನ್ನು ಒಂದೇ ಫೈಲಾಗಿ ಜೋಡಿಸುವ ತಂತ್ರಾಂಶವಾದ ಎಂಕೆವಿ ಟೂಲ್‌ನಿಕ್ಸ್‌ನಲ್ಲಿ ಧ್ವನಿ ಟ್ರ್ಯಾಕಿನ ‘ಡಿಲೇ’ ಜಾಗಕ್ಕೆ ಮೈನಸ್ ಚಿಹ್ನೆಯೊಂದಿಗೆ, –150 ಎಂಬಂತೆ, ಕೊಟ್ಟು ಹೊಸ ಫೈಲ್ ಮಾಡಿ. ಮರು ಎನ್‌ಕೋಡಿಂಗ್ ಇಲ್ಲದ್ದರಿಂದ ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಕೆಲವೇ ನಿಮಿಷದ ಕೆಲಸ.

ಪ್ರಶ್ನೆ: ತಾಳಮದ್ದಳೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನದಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಅರ್ಥಧಾರಿಯ ಮಾತು ಕ್ರಮೇಣ ಚಿತ್ರದಿಂದ ಬೇರೆಯಾಗುತ್ತದೆ.
– ಓದುಗರೊಬ್ಬರು, ಕುಂಬಳೆ

ಉತ್ತರ: ಮೊದಲು ಶ್ರುತಿ ಕೇಳಿ. ಭಾಗವತಿಕೆ ಏರಿದಂತಿದ್ದು, ಒಂದು ಗಂಟೆಯ ಧ್ವನಿ ಸುಮಾರು 55 ನಿಮಿಷಕ್ಕೇ ಮುಗಿಯುತ್ತಿದ್ದರೆ, ಸೆಕೆಂಡಿಗೆ 44,100 ಮಾದರಿಗಳಂತೆ (ಸ್ಯಾಂಪಲ್) ಧ್ವನಿಮುದ್ರಿಸಿದ್ದನ್ನು ತಂತ್ರಾಂಶ 48,000 ಎಂದು ತಿಳಿದು ನುಡಿಸುತ್ತಿದೆ. ಹಾರ್ಮೋನಿಯಂನ ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಸುಮಾರು ಒಂದೂವರೆ ಮನೆಯ ಏರಿಕೆ ಇದು. ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನು ತೆರೆದು ‘ರೇಟ್’ 44,100 ಮಾಡಿದರೆ ಸರಿಹೋಗುತ್ತದೆ.

ಶ್ರುತಿ ಸರಿಯಿದ್ದರೆ ಫ್ರೇಮುಗಳು ಬಿದ್ದುಹೋಗುತ್ತಿವೆ. ನಮ್ಮಲ್ಲಿಯ ವಿಎಚ್‌ಎಸ್ ಸೆಕೆಂಡಿಗೆ 25 ಫ್ರೇಮಿನದು. ಒಂದು ಬಿದ್ದರೆ 40 ಮಿಲಿಸೆಕೆಂಡ್, 25 ಬಿದ್ದರೆ ಚಿತ್ರ ಒಂದು ಸೆಕೆಂಡ್ ಗಿಡ್ಡವಾಗಿ ಮಾತು ಹಿಂದುಳಿಯುತ್ತದೆ. ಇದು ಸಮನಾಗಿ ಬೆಳೆಯದೆ ಅಲ್ಲಲ್ಲಿ ಜಿಗಿಯುವುದರಿಂದ ಧ್ವನಿಯನ್ನು ಎಳೆದು ಸರಿಪಡಿಸಲಾಗದು, ಮತ್ತೆ ಇಳಿಸುವುದೇ ದಾರಿ. ವರ್ಚುವಲ್‌ಡಬ್ ತಂತ್ರಾಂಶದಿಂದ ಇಳಿಸಿದರೆ ಬಿದ್ದ ಫ್ರೇಮುಗಳ ಎಣಿಕೆ ಪರದೆಯ ಮೇಲೆಯೇ ಕಾಣುತ್ತದೆ. ಪೆನ್‌ಡ್ರೈವಿಗೆ ಬರೆಯಬೇಡಿ, ಕಂಪ್ಯೂಟರಿನ ಒಳಗಿನ ಡಿಸ್ಕಿಗೇ ಬರೆಯಿರಿ. ಸಾಧನವನ್ನು ಹಬ್‌ಗೆ ಹಾಕದೆ ನೇರ ಯುಎಸ್‌ಬಿ ಪೋರ್ಟಿಗೆ ಚುಚ್ಚಿ. ಇಳಿಸುವ ಮುನ್ನ ವಿಸಿಆರ್‌ನ ಹೆಡ್ ಸ್ವಚ್ಛಗೊಳಿಸಿ. ಬೂಷ್ಟು ಹಿಡಿದ ಕ್ಯಾಸೆಟ್ಟಾದರೆ ಹಾಗೆಯೇ ಒಳಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಅಂಟಿಕೊಂಡು, ಅಲ್ಲಿಂದ ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ.